ಲೆಕ್ಕ ತಾಳೆಯಾಗದಿದ್ದಾಗ: ಬಿಷಪ್ ಕೊಲೆನ್ಸೊ ಅವರ ಜೀವನ



ಪೀಟರ್‌ಮಾರಿಟ್ಸ್‌ಬರ್ಗ್ ಎಂಬ ಊರಿನ ಹೆಸರನ್ನು ನಾವೆಲ್ಲರೂ ಹೈಸ್ಕೂಲಿನಲ್ಲಿ ಕೇಳಿದ್ದೇವೆ. 1893ರಲ್ಲಿ ಗಾಂಧೀಜಿಯವರನ್ನು ಮೊದಲ ದರ್ಜೆಯ ಡಬ್ಬಿಯಿಂದ ಹೊರಹಾಕಿದ್ದು ದಕ್ಷಿಣ ಆಫ್ರಿಕಾದ ಆ ಊರಿನ ರೈಲು ನಿಲ್ದಾಣದಲ್ಲೇ. ಭಾಷಣ ಸ್ಪರ್ಧೆಗೆಂದು ಆ ಊರಿನ ಬಗ್ಗೆ ಓದುತ್ತಿದ್ದಾಗ ನನಗೆ ಇನ್ನೊಬ್ಬರ ಹೆಸರು ಸಿಕ್ಕಿತು. ಗಾಂಧೀಜಿ ಅಲ್ಲಿ ಇಳಿಯುವುದಕ್ಕೆ ಹತ್ತು ವರ್ಷ ಮುಂಚೆ ತೀರಿಕೊಂಡ, ಅದೇ ಊರಿನ ಆಂಗ್ಲಿಕನ್ ಬಿಷಪ್ ಅವರು, ಹೆಸರು ಜಾನ್ ವಿಲಿಯಂ ಕೊಲೆನ್ಸೊ. ಬಿಷಪ್ ಆಗುವ ಮೊದಲು ಅವರು ಅಂಕಗಣಿತದ ಪಠ್ಯಪುಸ್ತಕ ಬರೆದು ಹೆಸರು ಮಾಡಿದ್ದರು ಎಂದು ಓದಿದ ಮೇಲೆ ನನ್ನ ಭಾಷಣ ಅಲ್ಲಿಗೇ ನಿಂತುಹೋಯಿತು. ನಾನು ಕಾಮರ್ಸ್ ವಿದ್ಯಾರ್ಥಿ. ಲೆಕ್ಕ ಬಲ್ಲ ಬಿಷಪ್ ಎಂದರೆ ಬಿಡಲು ಮನಸ್ಸಾಗಲಿಲ್ಲ.

ಮನೆಯಲ್ಲಿ ನಾನಿಮಾ ಕೇಳಿದರು, ನಮ್ಮ ಕಾಲೇಜಿನ ಪತ್ರಿಕೆಗೆ ಒಬ್ಬ ಪಾದ್ರಿಯ ಬಗ್ಗೆ ಯಾಕೆ ಬರೆಯುತ್ತೀಯ ಎಂದು. ಅವರಿಗೆ ಉರ್ದುವಿನಲ್ಲಿ ಹೇಳಿದ ಕಥೆಯನ್ನೇ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ನನ್ನದೊಂದು ಸಣ್ಣ ವಿಷಯವೂ ಇದೆ.

ಕೊಲೆನ್ಸೊ ಹುಟ್ಟಿದ್ದು 1814ರ ಜನವರಿ 24ರಂದು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಸೇಂಟ್ ಆಸ್ಟಲ್ ಎಂಬ ಊರಿನಲ್ಲಿ. ಅದು ಗಣಿಗಳ ಸೀಮೆ. ಅವರ ತಂದೆ ತಮ್ಮ ಬಂಡವಾಳವನ್ನೆಲ್ಲ ಒಂದು ಗಣಿಯಲ್ಲಿ ಹಾಕಿದ್ದರು. ಸಮುದ್ರದ ನೀರು ಗಣಿಯೊಳಗೆ ನುಗ್ಗಿ ಎಲ್ಲವೂ ಮುಳುಗಿತು. ಹಾಗಾಗಿ ಹುಡುಗ ಹದಿಹರೆಯದಲ್ಲೇ ಒಂದು ಶಾಲೆಯಲ್ಲಿ ಸಹಾಯಕ ಶಿಕ್ಷಕನಾಗಿ ದುಡಿಯಬೇಕಾಯಿತು. ಮುಂದೆ ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಸೇರಿದ್ದು ಶುಲ್ಕದಲ್ಲಿ ರಿಯಾಯಿತಿ ಪಡೆಯುವ ಬಡ ವಿದ್ಯಾರ್ಥಿಯಾಗಿ. 1836ರ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಎರಡನೆಯವರಾಗಿ ಬಂದರು.

ನಂತರ ಹ್ಯಾರೋ ಎಂಬ ಪ್ರಸಿದ್ಧ ಶಾಲೆಯಲ್ಲಿ ಗಣಿತದ ಮೇಷ್ಟ್ರಾದರು. ಅಲ್ಲಿ ಬೆಂಕಿ ಬಿದ್ದು ಅವರ ಆಸ್ತಿ ಸುಟ್ಟುಹೋಯಿತು. ಸುಮಾರು 5,000 ಪೌಂಡ್ ಸಾಲ ತಲೆಯ ಮೇಲೆ ಬಂತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಕೊಲೆನ್ಸೊ ಕೇಂಬ್ರಿಡ್ಜ್‌ಗೆ ವಾಪಸ್ ಹೋಗಿ ಟ್ಯೂಷನ್ ಹೇಳಿದರು, ಬೀಜಗಣಿತ ಮತ್ತು ಅಂಕಗಣಿತದ ಪುಸ್ತಕಗಳನ್ನು ಬರೆದರು. ಅಂಕಗಣಿತದ ಪುಸ್ತಕದ ಹಕ್ಕನ್ನು ಲಾಂಗ್‌ಮನ್ ಪ್ರಕಾಶನ ಸಂಸ್ಥೆಗೆ 2,400 ಪೌಂಡಿಗೆ ಮಾರಿದರು. ಹೀಗೆ ಲೆಕ್ಕದಿಂದಲೇ ಸಾಲ ತೀರಿಸಿದರು. ಆ ಪುಸ್ತಕ ಬ್ರಿಟಿಷ್ ಸಾಮ್ರಾಜ್ಯದ ಅನೇಕ ಶಾಲೆಗಳಲ್ಲಿ ವರ್ಷಾನುಗಟ್ಟಲೆ ಪಾಠವಾಯಿತು.

1846ರಲ್ಲಿ ಸಾರಾ ಫ್ರಾನ್ಸಿಸ್ ಬನ್ಯನ್ ಅವರನ್ನು ಮದುವೆಯಾಗಿ, ಒಂದು ಹಳ್ಳಿಯ ಚರ್ಚಿನ ಪಾದ್ರಿಯಾದರು. ಅಲ್ಲೇ ಇದ್ದಿದ್ದರೆ ಅವರ ಹೆಸರು ಗಣಿತದ ಪುಸ್ತಕದ ಮೇಲೆ ಮಾತ್ರ ಉಳಿಯುತ್ತಿತ್ತು. ಆದರೆ 1853ರಲ್ಲಿ ಅವರನ್ನು ನಟಾಲ್‌ನ ಮೊದಲ ಬಿಷಪ್ ಆಗಿ ನೇಮಿಸಲಾಯಿತು. ಬಿಷಪ್ ಎಂದರೆ ಒಂದು ಪ್ರದೇಶದ ಎಲ್ಲ ಚರ್ಚುಗಳ ಮತ್ತು ಪಾದ್ರಿಗಳ ಮೇಲ್ವಿಚಾರಕ. ನಟಾಲ್ ಆಗ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಬ್ರಿಟಿಷರ ಹೊಸ ವಸಾಹತು. ಬಿಳಿಯರು ಕೆಲವೇ ಸಾವಿರ. ಉಳಿದವರೆಲ್ಲ ಆಫ್ರಿಕದವರು, ಹೆಚ್ಚಾಗಿ ಜುಲು ಭಾಷೆಯವರು. ನದಿಯ ಆಚೆ ಸ್ವತಂತ್ರ ಜುಲು ರಾಜ್ಯವಿತ್ತು.

ಕೊಲೆನ್ಸೊ ಅಲ್ಲಿ ಮೊದಲು ಮಾಡಿದ ಕೆಲಸ ಜುಲು ಕಲಿತದ್ದು. ಪೀಟರ್‌ಮಾರಿಟ್ಸ್‌ಬರ್ಗ್ ಹೊರಗೆ ತಮ್ಮ ಮನೆಯ ಬಳಿ ಎಕುಖಾನ್ಯೇನಿ ಎಂಬ ಶಾಲೆ ತೆರೆದರು. ಬೆಳಕಿನ ಜಾಗ ಎಂದು ಅದರ ಅರ್ಥ. ಜುಲು ವ್ಯಾಕರಣ ಬರೆದರು. 1861ರಲ್ಲಿ ಜುಲು ನಿಘಂಟು ಪ್ರಕಟಿಸಿದರು. ಶಾಲೆಯಲ್ಲಿ ಅಚ್ಚುಕೂಟವಿತ್ತು, ಮಗೇಮಾ ಫೂಜೆ ಎಂಬ ಹುಡುಗ ಅಲ್ಲಿ ಮುದ್ರಣ ಕಲಿತ. ಅವರೇ ಮುಂದೆ ಜುಲು ಭಾಷೆಯಲ್ಲಿ ತಮ್ಮ ಜನರ ಚರಿತ್ರೆ ಬರೆದು ಹೆಸರಾದರು. 1859ರಲ್ಲಿ ಕೊಲೆನ್ಸೊ ಜುಲು ರಾಜ ಎಂಪಾಂಡೆಯನ್ನು ನೋಡಲು ಹೋದಾಗ ಜೊತೆಗಿದ್ದ ಮೂವರು ಆಫ್ರಿಕದವರಿಂದ ಪ್ರಯಾಣದ ಕಥೆ ಬರೆಸಿ, ಅದನ್ನು ಅವರವರ ಮಾತಿನಲ್ಲೇ ಅಚ್ಚು ಹಾಕಿಸಿದರು. ನಾನು ಮನೆಯಲ್ಲಿ ಒಂದು ಭಾಷೆ, ತರಗತಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಭಾಷೆಯ ನಡುವೆ ಓಡಾಡುವ ಹುಡುಗಿ. ಬಿಷಪ್ ಒಬ್ಬರು ನಲವತ್ತರ ವಯಸ್ಸಿನಲ್ಲಿ ಶಿಷ್ಯರ ಮುಂದೆ ಕೂತು ಅವರ ಭಾಷೆಯ ಅಕ್ಷರ ತಿದ್ದಿದರು ಎಂಬುದು ನನಗೆ ಇಷ್ಟವಾಯಿತು.

ಅವರು ಬೇರೆ ಪಾದ್ರಿಗಳ ಕೋಪಕ್ಕೆ ಮೊದಲು ಗುರಿಯಾದದ್ದು ಜುಲು ಕುಟುಂಬಗಳ ವಿಷಯದಲ್ಲಿ. ಒಬ್ಬನಿಗೆ ಇಬ್ಬರು ಮೂವರು ಹೆಂಡತಿಯರಿದ್ದರೆ, ಕ್ರೈಸ್ತನಾಗುವ ಮೊದಲು ಒಬ್ಬಳನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಬಿಡಬೇಕು ಎಂಬುದು ಆಗಿನ ನಿಯಮ. ಕೊಲೆನ್ಸೊಗೆ ಬಹುಪತ್ನಿತ್ವ ಒಪ್ಪಿಗೆಯಿರಲಿಲ್ಲ. ಆದರೆ ಆಗಲೇ ಕಟ್ಟಿಕೊಂಡ ಹೆಂಡತಿಯನ್ನು, ಮಕ್ಕಳನ್ನು ಬೀದಿಗೆ ಹಾಕುವುದು ಅದಕ್ಕಿಂತ ದೊಡ್ಡ ಅನ್ಯಾಯ ಎಂದು ವಾದಿಸಿದರು.

ಇನ್ನು ಅವರ ಜೀವನವನ್ನೇ ತಿರುಗಿಸಿದ ಘಟನೆ. ವಿಲಿಯಂ ಎನ್‌ಗಿಡಿ ಎಂಬ ಜುಲು ಸಹಾಯಕನೊಂದಿಗೆ ಕೂತು ಕೊಲೆನ್ಸೊ ಬೈಬಲಿನ ಮೊದಲ ಭಾಗವನ್ನು ಅನುವಾದಿಸುತ್ತಿದ್ದರು. ಮಹಾಪ್ರಳಯದ ಕಥೆ ಬಂತು. ಎನ್‌ಗಿಡಿ ಸರಳವಾಗಿ ಕೇಳಿದರು: ಬಿಸಿ ದೇಶದ, ಚಳಿ ದೇಶದ ಎಲ್ಲ ಪ್ರಾಣಿಗಳೂ ಜೋಡಿ ಜೋಡಿಯಾಗಿ ಬಂದು ಒಂದೇ ಹಡಗು ಹತ್ತಿದ್ದು, ಅವಕ್ಕೆಲ್ಲ ಅಲ್ಲಿ ಆಹಾರ ಇಟ್ಟಿದ್ದು ನಿಜವಾಗಿಯೂ ನಡೆದದ್ದೇ? ಕೊಲೆನ್ಸೊ ಭೂವಿಜ್ಞಾನ ಓದಿಕೊಂಡಿದ್ದರು. ಇಡೀ ಭೂಮಿ ಒಮ್ಮೆಗೇ ಮುಳುಗಿದ್ದಕ್ಕೆ ಕಲ್ಲುಮಣ್ಣಿನಲ್ಲಿ ಸಾಕ್ಷಿ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹೌದು ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುವುದು ಸುಲಭವಾಗಿತ್ತು. ಕೇಳಿದವರು ನಂಬುತ್ತಿದ್ದರು. ಆದರೆ ದೇವರ ಹೆಸರಿನಲ್ಲಿ ತಾನೇ ನಂಬದ ಮಾತನ್ನು ಹೇಳುವುದು ಅವರಿಂದ ಆಗಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನೂಹ್ ಅಲೈಹಿಸ್ಸಲಾಂ ಅವರ ಹಡಗಿನ ವೃತ್ತಾಂತ ನಮಗೂ ಪವಿತ್ರವಾದದ್ದು. ಯಾರ ಗ್ರಂಥ ಏನು ಹೇಳುತ್ತದೆ ಎಂದು ತೀರ್ಪು ಕೊಡುವಷ್ಟು ಇಲ್ಮ್ ನನಗಿಲ್ಲ, ಈ ಲೇಖನದ ಉದ್ದೇಶವೂ ಅದಲ್ಲ. ಕೊಲೆನ್ಸೊ ತಲುಪಿದ ಉತ್ತರವನ್ನು ನಾವು ಒಪ್ಪಬೇಕಾಗಿಲ್ಲ. ಸುಳ್ಳು ಹೇಳಬಾರದೆಂದು ಅವರು ಎಷ್ಟು ಕಷ್ಟಪಟ್ಟರು ಎಂಬುದನ್ನಷ್ಟೇ ನಾನು ಹೇಳಹೊರಟಿದ್ದೇನೆ.

ಅವರು ಬೈಬಲಿನ ಮೊದಲ ಐದು ಪುಸ್ತಕಗಳನ್ನು ತೆಗೆದುಕೊಂಡು ಅದರಲ್ಲಿರುವ ಸಂಖ್ಯೆಗಳನ್ನು ಲೆಕ್ಕಪತ್ರ ತಪಾಸಣೆಗಾರರಂತೆ ಒಂದಕ್ಕೊಂದು ತಾಳೆ ನೋಡಿದರು. ಈಜಿಪ್ಟಿನಿಂದ ಹೊರಟ ಇಸ್ರಾಯೇಲರಲ್ಲಿ ಇಪ್ಪತ್ತು ವರ್ಷ ದಾಟಿದ, ಯುದ್ಧಕ್ಕೆ ಯೋಗ್ಯರಾದ ಗಂಡಸರೇ 6,03,550 ಎಂದು ಅಲ್ಲಿ ಬರೆದಿದೆ. ಹೆಂಗಸರು, ಮಕ್ಕಳು, ಮುದುಕರು ಸೇರಿದರೆ ಇಪ್ಪತ್ತು ಲಕ್ಷ ದಾಟುತ್ತದೆ. ಅಷ್ಟು ಜನ ಮರುಭೂಮಿಯಲ್ಲಿ ಡೇರೆ ಹಾಕಲು ಎಷ್ಟು ಜಾಗ ಬೇಕು? ಎಷ್ಟು ನೀರು? ಅದೇ ಗ್ರಂಥದಲ್ಲಿ ಚೊಚ್ಚಲ ಗಂಡುಮಕ್ಕಳ ಸಂಖ್ಯೆ 22,273 ಎಂದಿದೆ. ನಾನು ಕ್ಯಾಲ್ಕ್ಯುಲೇಟರಿನಲ್ಲಿ ಭಾಗಿಸಿ ನೋಡಿದೆ. ಒಬ್ಬ ಚೊಚ್ಚಲ ಮಗನಿಗೆ ದೊಡ್ಡ ಗಂಡಸರೇ ಇಪ್ಪತ್ತೇಳು ಮಂದಿ ಬರುತ್ತಾರೆ. ಹುಡುಗರನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಒಂದೊಂದು ಮನೆಯಲ್ಲಿ ಅಷ್ಟು ಗಂಡುಮಕ್ಕಳಿರಲು ಸಾಧ್ಯವೇ ಎಂಬುದು ಕೊಲೆನ್ಸೊ ಅವರ ಪ್ರಶ್ನೆ. ಈ ಪುಸ್ತಕಗಳನ್ನು ಒಬ್ಬರೇ ಕಣ್ಣಾರೆ ಕಂಡು ಬರೆದದ್ದಲ್ಲ, ಬೇರೆ ಬೇರೆ ಕಾಲದ ಬರಹಗಳನ್ನು ಜೋಡಿಸಿದ್ದು ಎಂಬ ತೀರ್ಮಾನಕ್ಕೆ ಅವರು ಬಂದರು. ಹಾಗೆಂದು ನಂಬಿಕೆ ಬಿಡಲಿಲ್ಲ. ದೇವರು ಅಂಕಿಗಳಲ್ಲಿಲ್ಲ, ಅಂಕಿ ತಪ್ಪಿದರೂ ದೇವರ ಮೇಲಿನ ಭರವಸೆ ತಪ್ಪುವುದಿಲ್ಲ ಎಂಬುದು ಅವರ ನಿಲುವು. ಈ ಗ್ರಂಥದ ಮೊದಲ ಭಾಗ 1862ರಲ್ಲಿ ಬಂತು, ಏಳನೆಯ ಮತ್ತು ಕೊನೆಯ ಭಾಗ 1879ರಲ್ಲಿ.

ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು. ಜುಲು ಜನರನ್ನು ತಿದ್ದಲು ಹೋದ ಬಿಷಪ್ಪನನ್ನು ಒಬ್ಬ ಜುಲು ತಿದ್ದಿಬಿಟ್ಟ ಎಂದು ಜನ ನಕ್ಕರು. ಬಹುತೇಕ ಬಿಷಪ್‌ಗಳು ರಾಜೀನಾಮೆ ಕೇಳಿದರು. ಕೊಲೆನ್ಸೊ ಕೊಡಲಿಲ್ಲ. 1863ರ ಕೊನೆಯಲ್ಲಿ ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ವಿಚಾರಣೆ ನಡೆಸಿ ಅವರನ್ನು ಪದವಿಯಿಂದ ತೆಗೆದುಹಾಕಿದರು. ಕೊಲೆನ್ಸೊ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದರು. 1865ರಲ್ಲಿ ಆ ನ್ಯಾಯಮಂಡಳಿ ಗ್ರೇ ಅವರಿಗೆ ಹಾಗೆ ಮಾಡುವ ಕಾನೂನಿನ ಅಧಿಕಾರವೇ ಇಲ್ಲ ಎಂದಿತು. ಸಂಬಳ ನಿಲ್ಲಿಸಿದವರ ವಿರುದ್ಧವೂ ಮರುವರ್ಷ ಅವರೇ ಗೆದ್ದರು. ಆದರೆ ಚರ್ಚಿನಿಂದ ಬಹಿಷ್ಕಾರ ಹಾಕಲಾಯಿತು. 1869ರಲ್ಲಿ ಅದೇ ಊರಿಗೆ ಇನ್ನೊಬ್ಬ ಬಿಷಪ್ ಬಂದರು. ಒಂದೇ ಊರಲ್ಲಿ ಎರಡು ಬಿಷಪ್, ಎರಡು ಗುಂಪು. ಪ್ರಪಂಚದ ಆಂಗ್ಲಿಕನ್ ಬಿಷಪ್‌ಗಳೆಲ್ಲ ಸೇರುವ ಲ್ಯಾಂಬೆತ್ ಸಮ್ಮೇಳನ 1867ರಲ್ಲಿ ಮೊದಲ ಬಾರಿ ನಡೆದದ್ದಕ್ಕೂ ಈ ಜಗಳ ಒಂದು ಮುಖ್ಯ ಕಾರಣ.

ಇಷ್ಟೆಲ್ಲ ಆದರೂ ನಟಾಲ್‌ನ ಬಿಳಿಯರಲ್ಲಿ ಬಹಳ ಮಂದಿ ಕೊಲೆನ್ಸೊ ಅವರ ಪ್ರಸಂಗ ಕೇಳಲು ಬರುತ್ತಿದ್ದರು. ಅವರನ್ನು ನಿಜವಾಗಿ ಒಂಟಿ ಮಾಡಿದ್ದು ಆಮೇಲಿನ ಒಂದು ಲೆಕ್ಕ. ಅದು ಜೀವಂತ ಜನರ ವಿಷಯವಾಗಿತ್ತು.

ಹ್ಲೂಬಿ ಎಂಬ ಜನಾಂಗಕ್ಕೆ ಲಂಗಾಲಿಬಲೇಲೆ ಎಂಬ ಮುಖಂಡರಿದ್ದರು. ಅವರ ಯುವಕರು ಕಿಂಬರ್ಲಿಯ ವಜ್ರದ ಗಣಿಗಳಿಗೆ ದುಡಿಯಲು ಹೋಗಿ, ಬಂದ ಹಣದಲ್ಲಿ ಬಂದೂಕು ಕೊಂಡು ತರುತ್ತಿದ್ದರು. ಬಂದೂಕುಗಳನ್ನು ನೋಂದಾಯಿಸಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಮುಖಂಡರನ್ನು ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಕರೆಸಿತು. ಅವರು ಹೆದರಿ ಹೋಗಲಿಲ್ಲ. 1873ರಲ್ಲಿ ತಮ್ಮ ಜನರೊಂದಿಗೆ ಬೆಟ್ಟ ದಾಟಿ ಓಡಿದರು. ಘಾಟಿಯಲ್ಲಿ ಗುಂಡು ಹಾರಿ ವಸಾಹತಿನ ಸೈನಿಕರು ಸತ್ತರು. ಅದಕ್ಕೆ ಪ್ರತಿಯಾಗಿ ಇಡೀ ಜನಾಂಗದ ಭೂಮಿ, ದನಕರು ಕಿತ್ತುಕೊಂಡರು, ಬಹಳ ಜನರನ್ನು ಕೊಂದರು. ಮುಖಂಡರನ್ನು ಹಿಡಿದು ತಂದು ವಿಚಾರಣೆ ಮಾಡಿದಾಗ, ಆರೋಪ ಹೊರಿಸಿದ ಸರ್ಕಾರದ ಮುಖ್ಯಸ್ಥ ಗವರ್ನರ್ ಪೈನ್ ಅವರೇ ನ್ಯಾಯಾಧೀಶರ ಪೀಠದಲ್ಲೂ ಕೂತಿದ್ದರು. ಆರೋಪಿಯ ಪರವಾಗಿ ಸರಿಯಾದ ವಕೀಲರಿರಲಿಲ್ಲ. ಶಿಕ್ಷೆ ರಾಬೆನ್ ದ್ವೀಪ. ನೂರು ವರ್ಷದ ನಂತರ ನೆಲ್ಸನ್ ಮಂಡೇಲಾ ಅವರು ಇದ್ದ ಅದೇ ದ್ವೀಪ.

ಈ ಕೆಲಸದ ಹಿಂದೆ ಇದ್ದ ಅಧಿಕಾರಿ ಥಿಯೋಫಿಲಸ್ ಶೆಪ್‌ಸ್ಟನ್. ಅವರು ಕೊಲೆನ್ಸೊಗೆ ಇಪ್ಪತ್ತು ವರ್ಷದ ಜೀವದ ಗೆಳೆಯ. ಕೊಲೆನ್ಸೊ ಮೊದಲು ಗೆಳೆಯನ ಮಾತನ್ನೇ ನಂಬಿದ್ದರು. ಆಮೇಲೆ ವಿಚಾರಣೆಯ ಕಾಗದಗಳನ್ನು ಓದಿ, ಜುಲು ಭಾಷೆಯಲ್ಲಿ ಸಾಕ್ಷಿಗಳನ್ನು ತಾವೇ ವಿಚಾರಿಸಿ, ಒಂದು ಹೇಳಿಕೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದರು. ತಾಳೆಯಾಗಲಿಲ್ಲ. ಅಲ್ಲಿಗೆ ಆ ಸ್ನೇಹ ಮುಗಿಯಿತು. 1874ರಲ್ಲಿ ಕೊಲೆನ್ಸೊ ಇಂಗ್ಲೆಂಡಿಗೆ ಹೋಗಿ ವಸಾಹತು ಮಂತ್ರಿ ಲಾರ್ಡ್ ಕಾರ್ನಾರ್ವನ್ ಮುಂದೆ ಎಲ್ಲವನ್ನೂ ಇಟ್ಟರು. ಗವರ್ನರರನ್ನು ವಾಪಸ್ ಕರೆಸಿಕೊಂಡರು. ಲಂಗಾಲಿಬಲೇಲೆಯವರನ್ನು ದ್ವೀಪದಿಂದ ಬಿಡಿಸಿ ಕೇಪ್‌ಟೌನಿನ ಬಳಿ ಇರಿಸಿದರು. ಇತ್ತ ನಟಾಲ್‌ಗೆ ಮರಳಿದಾಗ, ಬೈಬಲಿನ ವಿಷಯದಲ್ಲಿ ಕೈಬಿಡದಿದ್ದ ಬಿಳಿಯರೂ ಅವರಿಂದ ದೂರ ಸರಿದಿದ್ದರು. ಚರ್ಚಿನ ಬೆಂಚುಗಳು ಖಾಲಿಯಾದವು.

1879ರ ಜನವರಿಯಲ್ಲಿ ಬ್ರಿಟಿಷ್ ಸೈನ್ಯ ಜುಲು ರಾಜ್ಯದ ಮೇಲೆ ನುಗ್ಗಿತು. ಈ ಯುದ್ಧಕ್ಕೆ ದಾರಿ ಮಾಡಿದ ಹೈಕಮಿಷನರ್ ಬಾರ್ಟಲ್ ಫ್ರೆರ್ ಅದಕ್ಕೆ ಮುಂಚೆ ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದವರು. ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಜನವರಿ 22ರಂದು ಇಸಾಂಡ್ಲ್ವಾನ ಎಂಬಲ್ಲಿ ಜುಲು ಸೈನ್ಯ ತಿರುಗಿ ಬಿದ್ದು, ಬ್ರಿಟಿಷರ ಕಡೆಯ 1,300ಕ್ಕೂ ಹೆಚ್ಚು ಮಂದಿ ಸತ್ತರು. ಊರಿನ ಪ್ರತಿ ಮನೆಯಲ್ಲಿ ದುಃಖ, ಸೇಡಿನ ಕೂಗು. ಮಾರ್ಚ್ ತಿಂಗಳಲ್ಲಿ ಪ್ರಾರ್ಥನೆಯ ದಿನವನ್ನು ಘೋಷಿಸಿದರು. ಅಂದು ಕೊಲೆನ್ಸೊ ವೇದಿಕೆಯ ಮೇಲೆ ನಿಂತು, ಸತ್ತವರಿಗಾಗಿ ಅತ್ತು, ಆಮೇಲೆ ಕೇಳಿದರು: ನಾವು ಜುಲು ಜನರಿಗೆ ನ್ಯಾಯ ಮಾಡಿದ್ದೇವೆಯೇ, ಕರುಣೆ ತೋರಿದ್ದೇವೆಯೇ? ಕೊಟ್ಟ ಮಾತು ತಪ್ಪಿದವರು ಯಾರು? ಶೋಕದಲ್ಲಿರುವ ಸ್ವಂತ ಜನರ ಮುಂದೆ ಇದನ್ನು ಕೇಳಲು ಎಷ್ಟು ಧೈರ್ಯ ಬೇಕು ಎಂದು ಯೋಚಿಸಿ.

ಮುಂದಿನ ನಾಲ್ಕು ವರ್ಷ ಅವರ ಮನೆಯೇ ಕಚೇರಿಯಾಯಿತು. ಸರ್ಕಾರದ ವರದಿಗಳು, ಪತ್ರಿಕೆಗಳ ಸುದ್ದಿಗಳು, ಜುಲು ದೂತರ ಮಾತುಗಳು, ಇವನ್ನೆಲ್ಲ ಅಕ್ಕಪಕ್ಕ ಜೋಡಿಸಿ ಎಲ್ಲಿ ಸುಳ್ಳಿದೆ ಎಂದು ಟಿಪ್ಪಣಿ ಬರೆದು ಅಚ್ಚು ಹಾಕಿಸಿ ಇಂಗ್ಲೆಂಡಿಗೆ ಕಳುಹಿಸುತ್ತಿದ್ದರು. ಮಗಳು ಹ್ಯಾರಿಯೆಟ್ ಜೊತೆಗೆ ಕೂತು ಬರೆಯುತ್ತಿದ್ದರು. ಮುದ್ರಿಸುತ್ತಿದ್ದವರು ಆ ಹಳೆಯ ಶಿಷ್ಯ ಮಗೇಮಾ ಫೂಜೆ. ಸೆರೆಯಾಗಿದ್ದ ಜುಲು ರಾಜ ಸೆಟ್ಶ್ವಾಯೊ ಅವರನ್ನು ಕೊಲೆನ್ಸೊ 1880ರಲ್ಲಿ ಕೇಪ್‌ಟೌನಿನಲ್ಲಿ ಕಂಡು ಬಂದರು. 1883ರಲ್ಲಿ ರಾಜನಿಗೆ ರಾಜ್ಯದ ಒಂದು ಭಾಗವನ್ನಷ್ಟೇ ಹಿಂತಿರುಗಿಸಿದರು. ಆದರೆ ಅಷ್ಟರಲ್ಲಿ ಜುಲು ಜನರಲ್ಲೇ ಒಡಕು ಬಿದ್ದು ರಕ್ತ ಹರಿಯುತ್ತಿತ್ತು. ಅದೇ ವರ್ಷ ಜೂನ್ 20ರಂದು ಕೊಲೆನ್ಸೊ ತೀರಿಕೊಂಡರು. ಗೆದ್ದೆ ಎಂಬ ಸಮಾಧಾನ ಅವರಿಗೆ ಸಿಗಲಿಲ್ಲ. ಮರುವರ್ಷ ಅವರ ಮನೆಯೂ ಬೆಂಕಿಗೆ ಆಹುತಿಯಾಯಿತು. ಹ್ಯಾರಿಯೆಟ್ ಅವರು ತಂದೆಯ ಕೆಲಸವನ್ನು ಬಿಡದೆ, ಮುಂದೆ ಸೆಟ್ಶ್ವಾಯೊ ಅವರ ಮಗ ದಿನುಜುಲು ಅವರ ಪರವಾಗಿ ವರ್ಷಗಟ್ಟಲೆ ಹೋರಾಡಿದರು.

ಕೊಲೆನ್ಸೊ ತಪ್ಪಿಲ್ಲದ ಮನುಷ್ಯರೇನಲ್ಲ. ಬ್ರಿಟಿಷ್ ಆಳ್ವಿಕೆ ಒಳ್ಳೆಯದೇ, ಅದು ನ್ಯಾಯವಾಗಿ ನಡೆದರೆ ಸಾಕು ಎಂದು ಅವರು ನಂಬಿದ್ದರು. ಶೆಪ್‌ಸ್ಟನ್ ಅವರ ಆಡಳಿತವನ್ನು ಇಪ್ಪತ್ತು ವರ್ಷ ಹೊಗಳಿದ್ದರು. ಆದರೆ ತಪ್ಪು ಕಂಡ ದಿನ ಗೆಳೆತನದ ಮುಖ ನೋಡಲಿಲ್ಲ. ಜುಲು ಜನ ಅವರನ್ನು ಸೊಬಾಂಟು ಎಂದು ಕರೆದರು. ಜನರ ತಂದೆ ಎಂದು ಅದರ ಅರ್ಥ. ನಟಾಲ್‌ನ ಒಂದು ಊರಿಗೆ ಅವರ ಹೆಸರಿದೆ. 1899ರಲ್ಲಿ ಬೋಯರ್ ಯುದ್ಧದ ಸಮಯದಲ್ಲಿ ಗಾಂಧೀಜಿ ತಮ್ಮ ಭಾರತೀಯ ಸ್ವಯಂಸೇವಕರೊಂದಿಗೆ ಗಾಯಾಳುಗಳನ್ನು ಹೊತ್ತದ್ದು ಆ ಕೊಲೆನ್ಸೊ ಊರಿನ ರಣರಂಗದಲ್ಲೇ.

ಈಗ ನನ್ನ ಸಣ್ಣ ವಿಷಯ. ಅಕೌಂಟೆನ್ಸಿಯಲ್ಲಿ ನಮಗೆ ಸಸ್ಪೆನ್ಸ್ ಖಾತೆ ಎಂಬ ಪಾಠವಿದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಆ ಖಾತೆಗೆ ಹಾಕಿ, ತಪ್ಪು ಸಿಗುವವರೆಗೆ ಹಾಗೇ ಇಡಬಹುದು. ಆದರೆ ತಪ್ಪನ್ನು ಹುಡುಕಲೇಬೇಕು. ನಮ್ಮ ತರಗತಿಯ ಕಾರ್ಯಕ್ರಮಕ್ಕೆ ಹಣ ಸಂಗ್ರಹಿಸಿ ಲೆಕ್ಕ ಬರೆದವಳು ನಾನು. ಕೊನೆಯಲ್ಲಿ 460 ರೂಪಾಯಿ ಕಡಿಮೆ ಬಂತು. ಗೆಳತಿಯರು ಇತರೆ ಖರ್ಚು ಎಂದು ಬರೆದುಬಿಡು, ಯಾರೂ ಕೇಳುವುದಿಲ್ಲ ಎಂದರು. ಹಾಗೇ ಬರೆದು ಸಹಿ ಹಾಕಿ ಕೊಟ್ಟೆ. ನಿಜವಾಗಿಯೂ ಯಾರೂ ಕೇಳಲಿಲ್ಲ. ಅಬ್ಬಾ ಅಂಗಡಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೂ ಊಟಕ್ಕೆ ಏಳುವುದಿಲ್ಲ. ಅವರಿಗೂ ನಾನು ಹೇಳಿರಲಿಲ್ಲ.

ಕೊಲೆನ್ಸೊ ಅವರ ಬಗ್ಗೆ ಓದುತ್ತಾ, ಎನ್‌ಗಿಡಿ ಪ್ರಶ್ನೆ ಕೇಳಿದ ಆ ಹೊತ್ತು ಮತ್ತೆ ಮತ್ತೆ ನೆನಪಾಯಿತು. ಕಳೆದ ವಾರ ಲೆಕ್ಚರರ್ ಹತ್ತಿರ ಹೋಗಿ, ಆ 460 ಖರ್ಚಲ್ಲ, ಎಲ್ಲಿ ಹೋಯಿತೆಂದು ನನಗೆ ಗೊತ್ತಿಲ್ಲ ಎಂದು ಹೇಳಿದೆ. ಲೆಕ್ಕದ ಹಾಳೆ ತಿದ್ದಿ ಮತ್ತೆ ಸಹಿ ಹಾಕಿದೆ. ಒಬ್ಬ ಗೆಳತಿ, ತನ್ನ ಮೇಲೆ ಅನುಮಾನ ಬರುವಂತೆ ಮಾಡಿದೆ ಎಂದು ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಅವಳು ಇದನ್ನು ಓದಲಿ ಎಂಬ ಆಸೆ ನನಗಿದೆ. ನಾನು ಬರೆದದ್ದು ವ್ಯತ್ಯಾಸವನ್ನು ಮಾತ್ರ, ಯಾರ ಹೆಸರನ್ನೂ ಅಲ್ಲ.

ಕಥೆ ಕೇಳಿ ಮುಗಿಸಿದ ನಾನಿಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪಾದ್ರಿ ತೀರಿಕೊಂಡಾಗ ಜುಲು ಜನ ಅತ್ತರೋ ಎಂದು ಕೇಳಿದರು. ಅವರನ್ನು ತಂದೆ ಎಂದು ಕರೆಯುತ್ತಿದ್ದರು ಎಂದು ಹೇಳಿದೆ. ಹಾಗಾದರೆ ಬರಿ ಎಂದರು.